ಇದ್ದದ್ದನ್ನು ಇದ್ದ ಹಾಗೆ ಹೇಳುವ ಪೆಟ್ಟಿಗೆ



'ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ' ಎಂಬ ಗಾದೆ ನಮಗೆಲ್ಲ ಗೊತ್ತು. ಮನುಷ್ಯರ ವಿಷಯದಲ್ಲಿ ಹುಟ್ಟಿದ ಈ ಮಾತು ನಮ್ಮ ಚಾವಡಿಯಲ್ಲಿ ಕುಳಿತಿರುವ ಒಂದು ಪೆಟ್ಟಿಗೆಗೂ ಚೆನ್ನಾಗಿ ಒಪ್ಪುತ್ತದೆ. ಅದು ಸ್ಪೀಕರ್ ಪೆಟ್ಟಿಗೆ. ಇದ್ದ ಶಬ್ದವನ್ನು ಇದ್ದ ಹಾಗೆಯೇ ಕೊಡುವ ಸ್ಪೀಕರನ್ನು ಅಂಗಡಿಯಲ್ಲಿ ಮೊದಲ ಸಲ ಕೇಳಿದವರು "ಇದರಲ್ಲಿ ದಮ್ಮಿಲ್ಲ" ಎಂದು ಬದಿಗೆ ಸರಿಸುತ್ತಾರೆ. ಪಕ್ಕದಲ್ಲಿ ಎದೆ ನಡುಗುವ ಹಾಗೆ 'ಧಂ ಧಂ' ಎನ್ನುವುದನ್ನು ಹೊತ್ತು ಮನೆಗೆ ತರುತ್ತಾರೆ. ಎರಡು ತಿಂಗಳು ಕಳೆಯುವಾಗ ಮನೆಯ ಅಜ್ಜ ವಾರ್ತೆ ಕೇಳುವುದನ್ನೇ ಬಿಟ್ಟಿರುತ್ತಾರೆ. ಯಾಕೆಂದು ಕೇಳಿದರೆ, "ಶಬ್ದ ಬೇಕಾದಷ್ಟಿದೆ ಮಗಾ, ಮಾತು ಮಾತ್ರ ತಿಳಿಯುವುದಿಲ್ಲ" ಎನ್ನುತ್ತಾರೆ.

ಅಜ್ಜನ ಈ ದೂರು ಸಣ್ಣದಲ್ಲ. ಮಾತು ತಿಳಿಯದೆ ಹೋದಾಗ ವಯಸ್ಸಾದವರು ಜಗಳಕ್ಕೆ ನಿಲ್ಲುವುದಿಲ್ಲ. ಎದ್ದು ತಮ್ಮ ಕೋಣೆಗೆ ಹೋಗುತ್ತಾರೆ. ಮನೆಮಂದಿ ಒಟ್ಟಿಗೆ ಕುಳಿತುಕೊಳ್ಳುವ ಒಂದು ಹೊತ್ತು ಹಾಗೆಯೇ ಸದ್ದಿಲ್ಲದೆ ತಪ್ಪಿಹೋಗುತ್ತದೆ. "ಅಜ್ಜನಿಗೆ ಕಿವಿ ಮಂದವಾಗಿದೆ" ಎಂದು ಉಳಿದವರು ತೀರ್ಮಾನಿಸುತ್ತಾರೆ. ಕಿವಿಯ ಪಾಲು ಇರಬಹುದು. ಆದರೆ ಪೆಟ್ಟಿಗೆಯ ಪಾಲೂ ಇದೆ. ಆದುದರಿಂದ ಈ ತಿಂಗಳು ಮನೆಯ ಸ್ಪೀಕರ್ ಬಗ್ಗೆ, ಅದರಲ್ಲೂ ತನ್ನದೇನನ್ನೂ ಸೇರಿಸದೆ ಶಬ್ದ ಕೊಡುವ ಸ್ಪೀಕರನ್ನು ಹೇಗೆ ರೂಪಿಸುತ್ತಾರೆ ಎಂಬುದರ ಬಗ್ಗೆ ಮಾತನಾಡೋಣ.

ತನ್ನ ಸ್ವರವಿಲ್ಲದ ವಾದ್ಯ

ಚೆಂಡೆಗೆ ಅದರದ್ದೇ ಒಂದು ಸ್ವರವಿದೆ. ವಯಲಿನ್ನಿಗೂ ಇದೆ. ಒಳ್ಳೆಯ ಮರ, ಒಳ್ಳೆಯ ಚರ್ಮ ಹುಡುಕಿ ವಾದ್ಯ ಮಾಡುವುದು ಆ ಸ್ವರಕ್ಕಾಗಿಯೇ. ಸ್ಪೀಕರಿನ ಧರ್ಮ ಇದಕ್ಕೆ ವಿರುದ್ಧವಾದದ್ದು. ಅದಕ್ಕೆ ಸ್ವಂತ ಸ್ವರ ಇರಬಾರದು. ಈಗ ಭಾಗವತರ ಪದ, ಇನ್ನೊಂದು ಗಳಿಗೆಗೆ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್, ಆಮೇಲೆ ವಾರ್ತೆ ಓದುವ ಹೆಣ್ಣುಮಗಳ ದನಿ – ಎಲ್ಲವೂ ಅದೇ ಕಾಗದದ ಕೋನಿನಿಂದ ಹೊರಡಬೇಕು. ಪೆಟ್ಟಿಗೆಗೆ ತನ್ನದೇ ಗುಂಯ್ ಎನ್ನುವ ಸ್ವಭಾವವಿದ್ದರೆ ಅದು ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಪಾಯಸಕ್ಕೂ ಸಾರಿಗೂ ಒಂದೇ ಮಸಾಲೆ ಹಾಕಿದ ಹಾಗೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. ದೇವಾಲಯದ ಅಂಗಳದಲ್ಲಿ, ಯಕ್ಷಗಾನದ ಬಯಲಿನಲ್ಲಿ ಕಟ್ಟುವ ಕಹಳೆಯಾಕಾರದ ಧ್ವನಿವರ್ಧಕದ ಕೆಲಸ ಬೇರೆ. ಕಡಿಮೆ ವಿದ್ಯುತ್ತಿನಲ್ಲಿ ಮಾತು ದೂರಕ್ಕೆ ಮುಟ್ಟಬೇಕು. ಅದಕ್ಕಾಗಿ ತಗ್ಗಿನ ಸ್ವರ, ಬಹಳ ಮೇಲಿನ ಸ್ವರ ಎರಡನ್ನೂ ಅದು ಬಿಟ್ಟುಕೊಡುತ್ತದೆ. ಮನೆಯಲ್ಲಿ ನಾವು ಕೂರುವುದು ಏಳೆಂಟು ಅಡಿ ದೂರದಲ್ಲಿ. ಅಲ್ಲಿ ಜೋರು ಬೇಕಿಲ್ಲ, ನಿಜ ಬೇಕು.

ನಿಜವನ್ನು ಅಳೆಯುವುದು ಹೇಗೆ? ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ವಯಸ್ಸಾದಂತೆ ಮೇಲಿನ ತುದಿ ಮೊದಲು ಸವೆಯುತ್ತದೆ. ಈ ಹರವಿನ ಒಂದೊಂದು ಸ್ವರವನ್ನೂ ಒಂದೇ ಬಲದಲ್ಲಿ ಒಳಗೆ ಕೊಟ್ಟಾಗ ಒಂದೇ ಬಲದಲ್ಲಿ ಹೊರಗೆ ಬಂದರೆ ಕಾಗದದ ಮೇಲೆ ನೇರ ಗೆರೆ ಮೂಡುತ್ತದೆ. ಎಲ್ಲಿ ಗೆರೆ ಗುಡ್ಡವಾಗುತ್ತದೋ ಅಲ್ಲಿ ಪೆಟ್ಟಿಗೆ ತನ್ನದನ್ನು ಸೇರಿಸಿದೆ. ಎಲ್ಲಿ ಗುಂಡಿಯಾಗುತ್ತದೋ ಅಲ್ಲಿ ನುಂಗಿದೆ. ಆ ಗೆರೆಯನ್ನು ನೇರ ಮಾಡುವ ಪ್ರಯತ್ನವೇ ಸ್ಪೀಕರ್ ವಿನ್ಯಾಸದ ನೂರು ವರ್ಷಗಳ ಕಥೆ.

ಕೋನ್ ಮತ್ತು ಪೆಟ್ಟಿಗೆ

ಇಂದಿಗೂ ನಮ್ಮ ಮನೆಗಳಲ್ಲಿರುವ ಸ್ಪೀಕರಿನ ಮೂಲರೂಪವನ್ನು ವಿವರಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ ಬಂದದ್ದು 1925ರಲ್ಲಿ. ಒಂದು ಕೋನ್, ಅದರ ಹಿಂಭಾಗಕ್ಕೆ ಅಂಟಿಸಿದ ತಂತಿಯ ಸುರುಳಿ, ಸುರುಳಿಯ ಸುತ್ತ ಆಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಕೋನ್ ಮುಂದಕ್ಕೂ ಹಿಂದಕ್ಕೂ ಅದುರುತ್ತದೆ, ಗಾಳಿಯನ್ನು ನೂಕುತ್ತದೆ. ಇಷ್ಟೇ ವಿಷಯ.

ಆದರೆ ಕೋನ್ ಮುಂದಕ್ಕೆ ನೂಕುವಾಗ ಅದರ ಬೆನ್ನ ಹಿಂದೆ ಗಾಳಿ ತೆಳುವಾಗುತ್ತದೆ. ತಗ್ಗಿನ ಸ್ವರಗಳಲ್ಲಿ ಮುಂದಿನ ಗಾಳಿ ಸುತ್ತಿ ಹಿಂದಕ್ಕೆ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಹಳೆಯ ರೇಡಿಯೋದಿಂದ ಸ್ಪೀಕರ್ ಬಿಚ್ಚಿ ಬರಿಗೈಯಲ್ಲಿ ಹಿಡಿದು ಕೇಳಿದ ಮಕ್ಕಳಿಗೆ ಇದು ಗೊತ್ತು: ತಗಡಿನ ಡಬ್ಬದಂಥ ಶಬ್ದ ಬರುತ್ತದೆ. ಆದುದರಿಂದ ಪೆಟ್ಟಿಗೆ ಬೇಕು. ಬೆನ್ನಿನ ಶಬ್ದವನ್ನು ಬಂಧಿಸಿಡುವುದೇ ಅದರ ಕೆಲಸ.

ಪೆಟ್ಟಿಗೆ ಬಂದೊಡನೆ ಹೊಸ ತಾಪತ್ರಯ ಬಂತು. ತಗ್ಗಿನ ಸ್ವರ ಚೆನ್ನಾಗಿ ಬರಬೇಕಾದರೆ ಬಟ್ಟೆಯ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂದು 1950ರ ದಶಕದವರೆಗೂ ನಂಬಿದ್ದರು. ಸಾಧಾರಣ ಮನೆಯಲ್ಲಿ ಅದನ್ನು ಇಡುವುದೆಲ್ಲಿ?

ಗಾಳಿಯೇ ಸ್ಪ್ರಿಂಗ್

ಇದಕ್ಕೆ ದಾರಿ ತೋರಿದವರು ಎಡ್ಗರ್ ವಿಲ್ಚರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದಾಗ ಎಲೆಕ್ಟ್ರಾನಿಕ್ಸ್ ಕಲಿತವರು; ಬಳಿಕ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಶಬ್ದದ ಮರುಸೃಷ್ಟಿಯ ಬಗ್ಗೆ ಪಾಠ ಹೇಳುತ್ತಿದ್ದರು. ಕೋನನ್ನು ಅದರ ಜಾಗಕ್ಕೆ ಮರಳಿ ಎಳೆಯುವುದು ಅಂಚಿನ ಗಟ್ಟಿಯಾದ ಮಡಿಕೆ. ಈ ಮಡಿಕೆ ಸ್ವಲ್ಪ ಎಳೆದಾಗ ಒಂದು ರೀತಿ, ಹೆಚ್ಚು ಎಳೆದಾಗ ಇನ್ನೊಂದು ರೀತಿ ವರ್ತಿಸುತ್ತದೆ. ತಗ್ಗಿನ ಸ್ವರ ಕೆಡುವುದು ಇಲ್ಲಿಯೇ ಎಂದು ವಿಲ್ಚರ್ ಕಂಡುಕೊಂಡರು.

ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ. ಒಳಗಿನ ಗಾಳಿ ಸ್ಪ್ರಿಂಗಿನಂತೆ ತಿರುಗಿ ನೂಕುತ್ತದೆ. ವಿಲ್ಚರ್ ಅಂಚಿನ ಮಡಿಕೆಯನ್ನು ಸಡಿಲ ಮಾಡಿ, ಪೆಟ್ಟಿಗೆಯನ್ನು ಗಾಳಿ ಹೋಗದಂತೆ ಮುಚ್ಚಿ, ಆ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಗಾಳಿ ಬಹಳ ಸಮನಾದ ಸ್ಪ್ರಿಂಗ್. ಅದಕ್ಕೆ ಸಣ್ಣ ಪೆಟ್ಟಿಗೆಯೇ ಬೇಕು. ಅಲ್ಲಿಯವರೆಗೆ ದೋಷವಾಗಿದ್ದ ಸಣ್ಣತನ ಇಲ್ಲಿ ಗುಣವಾಯಿತು. 1954ರಲ್ಲಿ ತಮ್ಮ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಜೊತೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ 'ಅಕೌಸ್ಟಿಕ್ ರಿಸರ್ಚ್' ಎಂಬ ಕಂಪೆನಿ ಕಟ್ಟಿ, ಎಆರ್-1 ಎಂಬ ಸ್ಪೀಕರನ್ನು ಹೊರತಂದರು. ಅದು ಪುಸ್ತಕದ ಕಪಾಟಿನಲ್ಲಿ ಕೂರುವಂಥದ್ದು.

ಆ ಕಂಪೆನಿ ತನ್ನ ಸ್ಪೀಕರನ್ನು ಪರೀಕ್ಷೆಗೆ ಒಡ್ಡಿದ ರೀತಿ ಇನ್ನೂ ಸ್ವಾರಸ್ಯದ್ದು. ವೇದಿಕೆಯ ಮೇಲೆ ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ತಂಡ, ಬಳಿಯಲ್ಲಿ ಸ್ಪೀಕರುಗಳು. ನುಡಿಸುತ್ತಿರುವಾಗಲೇ ನಡುವೆ ವಾದಕರು ಕಮಾನು ಆಡಿಸುವ ನಟನೆ ಮಾತ್ರ ಮಾಡುತ್ತಿದ್ದರು, ಧ್ವನಿಮುದ್ರಿಕೆ ಸ್ಪೀಕರಿನಿಂದ ಹರಿಯುತ್ತಿತ್ತು. ಎಲ್ಲಿ ಜೀವಂತ ವಾದನ ನಿಂತಿತು, ಎಲ್ಲಿ ಮುದ್ರಿಕೆ ಮೊದಲಾಯಿತು ಎಂಬುದು ಸಭೆಯ ಬಹಳ ಮಂದಿಗೆ ತಿಳಿಯುತ್ತಿರಲಿಲ್ಲ. 'ಜೋರಾಗಿದೆಯೇ' ಎಂದಲ್ಲ, 'ಮೂಲದ ಹಾಗಿದೆಯೇ' ಎಂದು ಕೇಳುವ ಪರೀಕ್ಷೆ ಇದು.

ಪೆಟ್ಟಿಗೆಗೆ ರಂಧ್ರವಿಟ್ಟು ತಗ್ಗಿನ ಸ್ವರಕ್ಕೆ ಬಲ ಕೊಡುವ ಇನ್ನೊಂದು ವಿಧಾನವೂ ಉಂಟು. ಮೊದಲು ಬಡಗಿಯ ಅಂದಾಜಿನಲ್ಲಿ ನಡೆಯುತ್ತಿದ್ದ ಆ ಕೆಲಸವನ್ನು ಲೆಕ್ಕಕ್ಕೆ ತಂದವರು ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್. ಅವರ ಪ್ರಬಂಧ 1961ರದ್ದು. ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ವಿಸ್ತರಿಸಿದರು. ಇಂದು ಯಾವ ಒಳ್ಳೆಯ ಕೋನ್ ಕೊಂಡರೂ ಅದರ ಜೊತೆ ಇವರಿಬ್ಬರ ಹೆಸರಿನ ಅಂಕಿಗಳ ಪಟ್ಟಿ ಬರುತ್ತದೆ. ಪೆಟ್ಟಿಗೆ ಎಷ್ಟು ಲೀಟರಿನದ್ದಾಗಬೇಕು, ರಂಧ್ರ ಎಷ್ಟು ಉದ್ದವಿರಬೇಕು ಎಂಬುದನ್ನು ಮರ ಕೊಯ್ಯುವ ಮೊದಲೇ ಲೆಕ್ಕ ಹಾಕಬಹುದು. ಅಗ್ಗದ ಪೆಟ್ಟಿಗೆಗಳಲ್ಲಿ ಕೇಳುವ 'ಧಂ ಧಂ' ಅನೇಕ ಸಲ ಈ ಲೆಕ್ಕ ತಪ್ಪಿದ್ದರಿಂದ, ಅಥವಾ ಬೇಕೆಂದೇ ತಪ್ಪಿಸಿದ್ದರಿಂದ ಹುಟ್ಟುವಂಥದ್ದು. ಒಂದೇ ಸ್ವರ ಉಬ್ಬಿ ನಿಂತು, ಚೆಂಡೆಯೂ ಮದ್ದಳೆಯೂ ಒಂದೇ ರೀತಿ ಕೇಳಿಸುತ್ತದೆ.

ಎರಡು ಬಾಯಿ, ಒಂದು ಮಾತು

ಇನ್ನು ಮೇಲಿನ ಸ್ವರಗಳ ವಿಷಯ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 100 ಹರ್ಟ್ಸ್‌ನ ತಗ್ಗಿನ ಸ್ವರದ ಒಂದು ಅಲೆ ಸುಮಾರು 3.4 ಮೀಟರ್ ಉದ್ದ. 10,000 ಹರ್ಟ್ಸ್‌ನದ್ದು ಬರೇ 3.4 ಸೆಂಟಿಮೀಟರ್. ಅಲೆಗಿಂತ ಕೋನ್ ದೊಡ್ಡದಾದರೆ ಶಬ್ದ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಮಾತ್ರ ಹೋಗುತ್ತದೆ. ನೇರ ಮುಂದೆ ಕುಳಿತವರಿಗೆ ಕೇಳುತ್ತದೆ, ಬದಿಯ ಬೆಂಚಿನಲ್ಲಿರುವವರಿಗೆ ಇಲ್ಲ. ಆದುದರಿಂದ ತಗ್ಗಿಗೆ ದೊಡ್ಡ ಕೋನ್, ಅಂದರೆ ವೂಫರ್. ಮೇಲಿಗೆ ಬೆರಳ ತುದಿಯಷ್ಟಗಲದ ಗುಮ್ಮಟ, ಅಂದರೆ ಟ್ವೀಟರ್.

ಇದು ಅಜ್ಜನ ದೂರಿಗೆ ನೇರ ಸಂಬಂಧಪಟ್ಟದ್ದು. ನಮ್ಮ ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಗಳ ಬಲವೆಲ್ಲ ತಗ್ಗಿನಲ್ಲಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಮೇಲಿನ ಸ್ವರಗಳಲ್ಲಿದೆ, ಅದೂ ಬಹಳ ಮೆಲ್ಲನೆ. 'ಸಾಲ'ವೋ 'ಕಾಲ'ವೋ 'ತಾಳ'ವೋ ಎಂದು ತಿಳಿಯುವುದು ಆ ಮೆಲ್ಲನೆಯ ಗುರುತಿನಿಂದಲೇ. ತಗ್ಗಿನ ಸ್ವರ ಉಬ್ಬಿದಾಗ ಅದು ಮೇಲಿನ ಸ್ವರಗಳನ್ನು ಮುಚ್ಚಿಹಾಕುತ್ತದೆ. ಕಿವಿಯ ರಚನೆಯೇ ಹಾಗೆ. ವಯಸ್ಸಾದವರಿಗೆ ಮೊದಲೇ ಮೇಲಿನ ಸ್ವರ ಕಡಿಮೆ. ಅದರ ಮೇಲೆ ನಾವು ಧಂ ಧಂ ಹೇರುತ್ತೇವೆ. ಮಾತು ತಿಳಿಯಲಿಲ್ಲವೆಂದು ವಾಲ್ಯೂಮ್ ಏರಿಸಿದರೆ ಧಂ ಧಂ ಕೂಡ ಏರುತ್ತದೆ. ಅಜ್ಜ ಎದ್ದುಹೋಗದೆ ಇನ್ನೇನು ಮಾಡಿಯಾರು?

ಎರಡು ಬಾಯಿಗಳಿಗೆ ಕೆಲಸ ಹಂಚುವ ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಸ್ ಆಸುಪಾಸಿನಲ್ಲಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಶಬ್ದ ದಾಟುತ್ತದೆ. ಕಿವಿ ಬಹಳ ಚುರುಕಾಗಿರುವ ಜಾಗವೂ ಅದೇ. ಅಲ್ಲಿ ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆಯದಿದ್ದರೆ ದನಿಯಲ್ಲಿ ತೂತು ಬೀಳುತ್ತದೆ. ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ಎಂಜಿನಿಯರುಗಳಾದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಮತ್ತು ರಸ್ ರೈಲಿ ರೂಪಿಸಿದ, 1976ರಲ್ಲಿ ಪ್ರಕಟವಾದ ವಿಧಾನದಲ್ಲಿ ದಾಟುವ ಜಾಗದಲ್ಲಿ ಇಬ್ಬರೂ ಸರಿಯಾಗಿ 6 ಡೆಸಿಬೆಲ್ ತಗ್ಗುತ್ತಾರೆ, ಹೆಜ್ಜೆ ಒಂದೇ ಆಗಿರುತ್ತದೆ. ಕೂಡಿಸಿದಾಗ ನೇರ ಗೆರೆ ಬರುತ್ತದೆ. ಇಂದಿಗೂ ಅದು ಬಹು ಬಳಕೆಯಲ್ಲಿರುವ ವಿಧಾನ.

ಮನುಷ್ಯನ ದನಿಯೇ ಒರೆಗಲ್ಲು

ಬ್ರಿಟನ್ನಿನ ಬಿಬಿಸಿ ರೇಡಿಯೋ ಸಂಸ್ಥೆಗೆ ಈ ವಿಷಯದಲ್ಲಿ ದೊಡ್ಡ ಹೆಸರಿದೆ. ಪ್ರಸಾರವಾಗುವ ಶಬ್ದ ಸರಿಯಿದೆಯೇ ಎಂದು ನೋಡುವ ಎಂಜಿನಿಯರ್ ನಂಬುವುದು ತನ್ನ ಮುಂದಿರುವ ಸ್ಪೀಕರನ್ನು. ಅದು ಸುಳ್ಳು ಹೇಳಿದರೆ ಅವನು ಇಲ್ಲದ ದೋಷವನ್ನು ತಿದ್ದಲು ಹೋಗಿ ಇರುವುದನ್ನು ಕೆಡಿಸುತ್ತಾನೆ. ಆದುದರಿಂದ ಬಿಬಿಸಿಯ ಸಂಶೋಧನಾ ವಿಭಾಗವೇ ಸ್ಪೀಕರ್ ರೂಪಿಸಲು ಹೊರಟಿತು. ಅವರ ಒರೆಗಲ್ಲು ಮನುಷ್ಯನ ಮಾತು. ಒಳಗೆ ಸ್ಟುಡಿಯೋದಲ್ಲಿ ಒಬ್ಬರು ಮಾತನಾಡುತ್ತಾರೆ, ಪಕ್ಕದ ಕೋಣೆಯಲ್ಲಿ ಅದೇ ದನಿ ಸ್ಪೀಕರಿನಲ್ಲಿ ಬರುತ್ತದೆ, ಎರಡನ್ನೂ ಹೋಲಿಸಬೇಕು. ಪಿಟೀಲಿನಲ್ಲಿ ಅಡಗುವ ತಪ್ಪು ಮಾತಿನಲ್ಲಿ ಅಡಗುವುದಿಲ್ಲ. ಹುಟ್ಟಿದಂದಿನಿಂದ ಕೇಳುತ್ತಾ ಬಂದ ಶಬ್ದ ಅದು.

1970ರ ದಶಕದ ಮೊದಲ ವರ್ಷಗಳಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡಲೆಂದು ಅವರು ಎಲ್ಎಸ್3/5ಎ ಎಂಬ ಪುಟ್ಟ ಸ್ಪೀಕರನ್ನು ಮಾಡಿದರು. ಎತ್ತರ ಒಂದು ಅಡಿ, ಅಗಲ ಏಳೂವರೆ ಇಂಚು. ಪೆಟ್ಟಿಗೆಯ ಗೋಡೆ ದಪ್ಪವಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಬಿಬಿಸಿಯವರು ಒಪ್ಪಲಿಲ್ಲ. ದಪ್ಪ ಹಲಗೆ ಅದುರುವಾಗ ಅದರ ಸ್ವರ ಮನುಷ್ಯನ ದನಿಯ ನಡುವೆಯೇ ಬಂದು ಕೂರುತ್ತದೆ. ಅವರು ತೆಳುವಾದ ಬರ್ಚ್ ಪ್ಲೈವುಡ್ ಬಳಸಿ, ಒಳಗೆ ಡಾಮರಿನಂಥ ಹೊದಿಕೆ ಅಂಟಿಸಿ, ಆ ಅದುರುವಿಕೆಯನ್ನು ತಗ್ಗಿಗೆ ಇಳಿಸಿ ಅಡಗಿಸಿದರು. ಕಂಚಿನ ಗಂಟೆಯನ್ನು ಅಂಗೈಯಿಂದ ಮುಟ್ಟಿ ನಿಲ್ಲಿಸುವ ಹಾಗೆ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ಅಷ್ಟು ಸಣ್ಣ ಪೆಟ್ಟಿಗೆಯಿಂದ ನಿಜವಾದ ಆಳದ ಸ್ವರ ಬಾರದು, ಆ ಕೊರತೆ ಕಿವಿಗೆ ಹೊಡೆಯದಂತೆ ಸ್ವಲ್ಪ ಮೇಲೆ ಒಂದು ಸಣ್ಣ ಉಬ್ಬನ್ನು ಉಳಿಸಿದ್ದರು. ಆದರೂ ಮಾತಿನ ವಿಷಯದಲ್ಲಿ ಅದರ ಪ್ರಾಮಾಣಿಕತೆಗೆ ಇಂದಿಗೂ ಜನ ಮಾರುಹೋಗುತ್ತಾರೆ.

ಪರದೆಯ ಹಿಂದೆ

ಕೆಲವರು ಕೇಳಬಹುದು: "ರುಚಿ ಒಬ್ಬೊಬ್ಬರದ್ದು ಒಂದೊಂದು ರೀತಿ. ನೇರ ಗೆರೆಯೇ ಎಲ್ಲರಿಗೂ ಇಷ್ಟವಾಗಬೇಕೆಂದು ಎಲ್ಲಿದೆ?" ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಫ್ಲಾಯ್ಡ್ ಟೂಲ್. 1965ರಿಂದ ಕೆನಡಾದ ಒಟ್ಟಾವದಲ್ಲಿರುವ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ದುಡಿದ ಇವರು, ಯಾವ ಸ್ಪೀಕರ್ ನುಡಿಯುತ್ತಿದೆ ಎಂದು ಕಾಣದಂತೆ ಪರದೆ ಕಟ್ಟಿ ಜನರನ್ನು ಕೂರಿಸಿ ಅಂಕ ಕೊಡಿಸಿದರು. 1985, 1986ರಲ್ಲಿ ಪ್ರಕಟವಾದ ಅವರ ಪ್ರಬಂಧಗಳು ಹೇಳಿದ್ದು ಇಷ್ಟು: ಕಿವಿ ಚೆನ್ನಾಗಿರುವವರು ಪರದೆಯ ಹಿಂದಿನದನ್ನು ಕೇಳುವಾಗ ಬಹುಮಟ್ಟಿಗೆ ಒಂದೇ ಅಭಿಪ್ರಾಯಕ್ಕೆ ಬರುತ್ತಾರೆ. ಯಾವುದರ ಗೆರೆ ನೇರವಾಗಿ, ನಯವಾಗಿ ಇದೆಯೋ, ಅದೂ ಮುಂದೆ ಮಾತ್ರವಲ್ಲ, ಬದಿಗಳಲ್ಲೂ ನಯವಾಗಿದೆಯೋ, ಅದಕ್ಕೇ ಹೆಚ್ಚು ಅಂಕ.

1994ರಲ್ಲಿ ಶಾನ್ ಆಲಿವ್ ಎಂಬವರು ಇನ್ನೊಂದು ಪರೀಕ್ಷೆಯ ಫಲ ಮುಂದಿಟ್ಟರು. 40 ಮಂದಿ ಅದೇ ಸ್ಪೀಕರುಗಳನ್ನು ಒಮ್ಮೆ ಕಾಣದಂತೆ, ಒಮ್ಮೆ ಕಾಣುವಂತೆ ಕೇಳಿದರು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು. ಸಣ್ಣ, ಅಗ್ಗದ್ದರ ಅಂಕ ಇಳಿಯಿತು. ಶಬ್ದ ಅದೇ, ಕಿವಿಗಳೂ ಅವೇ. ಬದಲಾದದ್ದು ಕಣ್ಣು ಕಂಡದ್ದು ಮಾತ್ರ. ಕೇಳಿದವರು ದಾರಿಹೋಕರಲ್ಲ, ಸ್ಪೀಕರ್ ತಯಾರಿಸುವ ಕಂಪೆನಿಯಲ್ಲೇ ದುಡಿಯುವವರು ಎಂಬುದನ್ನು ಗಮನಿಸಬೇಕು. ಹಾಗಿರುವಾಗ ನಮ್ಮ ನಿಮ್ಮ ಪಾಡೇನು?

ಈ ಎಲ್ಲ ಅನುಭವದ ಫಲವಾಗಿ 2013ರಲ್ಲಿ ಅಮೆರಿಕದಲ್ಲಿ ಒಂದು ಅಳತೆಯ ನಿಯಮ ಬಂತು. ಸ್ಪೀಕರನ್ನು ಅಡ್ಡಕ್ಕೆ ಒಂದು ಸುತ್ತು, ಉದ್ದಕ್ಕೆ ಒಂದು ಸುತ್ತು, 10 ಡಿಗ್ರಿಗೊಂದರಂತೆ ಒಟ್ಟು 70 ಕಡೆಗಳಿಂದ ಅಳೆಯಬೇಕು. ಯಾಕೆಂದರೆ ಮನೆಯೊಳಗೆ ನಮ್ಮ ಕಿವಿಗೆ ಬರುವುದು ಮುಂದಿನ ಶಬ್ದ ಮಾತ್ರವಲ್ಲ. ಗೋಡೆ, ನೆಲ, ಮಾಡುಗಳಿಗೆ ಬಡಿದು ಬರುವುದೂ ಹೌದು. ಬದಿಗೆ ಹೊರಟ ಶಬ್ದ ಕೆಟ್ಟಿದ್ದರೆ ತಿರುಗಿ ಬರುವುದೂ ಕೆಟ್ಟದ್ದೇ.

ಕೋಣೆಯೂ ಮಾತನಾಡುತ್ತದೆ

ವಿನ್ಯಾಸಕಾರನ ಕೆಲಸ ಅಂಗಡಿಗೆ ಮುಗಿಯುತ್ತದೆ. ಉಳಿದದ್ದು ನಮ್ಮ ಕೈಯಲ್ಲಿದೆ. ಎದುರುಬದುರಿನ ಎರಡು ಗೋಡೆಗಳ ನಡುವೆ 4 ಮೀಟರ್ ಅಂತರವಿದ್ದರೆ ಸುಮಾರು 43 ಹರ್ಟ್ಸ್‌ನ ಸ್ವರ ಅಲ್ಲಿ ತೊಟ್ಟಿಲಿನಂತೆ ತೂಗತೊಡಗುತ್ತದೆ. 3 ಮೀಟರ್ ಇದ್ದರೆ 57 ಹರ್ಟ್ಸ್‌ನದ್ದು. ಅದರ ಎರಡರಷ್ಟು, ಮೂರರಷ್ಟು ಸ್ವರಗಳೂ ಹಾಗೆಯೇ. ಒಂದು ಕುರ್ಚಿಯಲ್ಲಿ ಕುಳಿತವರಿಗೆ ಗುಂಯ್ಗುಡುತ್ತದೆ, ಪಕ್ಕದ ಕುರ್ಚಿಗೆ ಅದೇ ಸ್ವರ ಇಲ್ಲವಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗಿರುವ ಕೋಣೆಯಲ್ಲಂತೂ ಮೂರೂ ಸೇರಿ ಕಾಡುತ್ತವೆ.

ನಮ್ಮ ಹಳೆಯ ಹಂಚಿನ ಮನೆಗಳಲ್ಲಿ ಮಾಡಿನ ಸಂದುಗಳಿಂದ, ತೆರೆದ ಚಾವಡಿಯಿಂದ ಶಬ್ದ ಹೊರಗೆ ಹೋಗುತ್ತಿತ್ತು. ಈಗಿನ ತಾರಸಿ ಮನೆಗಳಲ್ಲಿ ಕಾಂಕ್ರೀಟು, ಟೈಲ್ಸು, ಗಾಜು. ಮನೆಭೇಟಿಗೆ ಹೋದಾಗ ನಾವು ಅನೇಕ ಕಡೆ ಕಂಡದ್ದೆಂದರೆ, ಸ್ಪೀಕರ್ ಒಂದೋ ಮೂಲೆಯ ನೆಲದಲ್ಲಿ ಕೂತಿರುತ್ತದೆ, ಇಲ್ಲವೇ ಶೋಕೇಸಿನ ಒಳಗೆ ಗೊಂಬೆಗಳ ನಡುವೆ. ಮೂಲೆಯಲ್ಲಿಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ತಗ್ಗಿನ ಸ್ವರವನ್ನು ಉಬ್ಬಿಸುತ್ತವೆ. ಶೋಕೇಸಿನಲ್ಲಿಟ್ಟರೆ ಶೋಕೇಸೇ ಎರಡನೆಯ ಪೆಟ್ಟಿಗೆಯಾಗುತ್ತದೆ. ಗೋಡೆಗೆ ತೂಗುಹಾಕಿದ ತೆಳು ಟಿ.ವಿ.ಗಳದ್ದು ಇನ್ನೊಂದು ಕಥೆ: ಅನೇಕ ಟಿ.ವಿ.ಗಳಲ್ಲಿ ಸ್ಪೀಕರಿನ ಮುಖ ನೆಲಕ್ಕೋ ಗೋಡೆಗೋ ತಿರುಗಿರುತ್ತದೆ. ಮಾತು ನಮ್ಮನ್ನು ನೋಡಿಯೇ ಇರುವುದಿಲ್ಲ.

ಖರ್ಚಿಲ್ಲದ ಚಿಕಿತ್ಸೆ ಇದು. ಸ್ಪೀಕರನ್ನು ಮೂಲೆಯಿಂದ ತೆಗೆದು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಇಡಿ. ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ ಬರಲಿ. ಗಟ್ಟಿ ಸ್ಟೂಲು ಸಾಕು. ಎರಡು ಪೆಟ್ಟಿಗೆ ಇದ್ದರೆ ಅವುಗಳ ನಡುವಿನ ಅಂತರವೂ ನಿಮಗಿರುವ ಅಂತರವೂ ಸುಮಾರು ಒಂದೇ ಇರಲಿ. ನೆಲಕ್ಕೆ ದಪ್ಪ ಚಾಪೆ, ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಮಾರ್ದನಿ ತಗ್ಗುತ್ತದೆ. ತೆಳುವಾದ ಪರದೆ ಮೇಲಿನ ಸ್ವರವನ್ನಷ್ಟೇ ಹೀರುತ್ತದೆ. ಧಂ ಧಂಗೆ ಅದು ಲೆಕ್ಕಕ್ಕಿಲ್ಲ. ಆಂಪ್ಲಿಫೈಯರಿನ 'ಬಾಸ್' ತಿರುಪು ಪೂರ್ತಿ ಏರಿದ್ದರೆ ನಡುವಿಗೆ ತನ್ನಿ.

ಕೊಳ್ಳುವ ಮೊದಲು

ಹೊಸದು ಕೊಳ್ಳುವವರಿಗೆ ಕೆಲವು ಕಿವಿಮಾತು. ಪೆಟ್ಟಿಗೆಯ ಮೇಲೆ ಅಚ್ಚಾದ ಸಾವಿರಾರು ವಾಟ್ 'ಪಿಎಂಪಿಒ' ಎಂಬ ಸಂಖ್ಯೆಗೆ ಬೆಲೆ ಕೊಡಬೇಡಿ. ಮನೆಯಲ್ಲಿ ಮಾತು ಕೇಳಲು ಸಾಮಾನ್ಯವಾಗಿ ಒಂದು ವಾಟ್ ಕೂಡ ಬೇಕಾಗುವುದಿಲ್ಲ. '50ರಿಂದ 20,000 ಹರ್ಟ್ಸ್' ಎಂದು ಬರೆದಿದ್ದರೆ ಅದರ ಪಕ್ಕದಲ್ಲಿ 'ಹೆಚ್ಚು ಕಡಿಮೆ 3 ಡೆಸಿಬೆಲ್' ಎಂಬಂಥ ಮಿತಿ ಇದೆಯೇ ನೋಡಿ. ಮಿತಿ ಹೇಳದ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಪೆಟ್ಟಿಗೆಯ ಬದಿಯನ್ನು ಬೆರಳಗಂಟಿನಿಂದ ಬಡಿದು ನೋಡಿ. ಬಲಿತ ಹಲಸಿನ ಹಾಗೆ ಟೊಳ್ಳಾಗಿ ಮೊಳಗಿದರೆ ಅದು ಮಾತಿನ ನಡುವೆಯೂ ಮೊಳಗುತ್ತದೆ.

ಎರಡನ್ನು ಹೋಲಿಸುವಾಗ ಶಬ್ದದ ಮಟ್ಟ ಒಂದೇ ಇರಲಿ. ತುಸು ಜೋರಾಗಿರುವುದೇ ಕಿವಿಗೆ ಒಳ್ಳೆಯದಾಗಿ ತೋರುತ್ತದೆ, ವ್ಯಾಪಾರಿಗೂ ಅದು ಗೊತ್ತು. ಒಂದೇ ಪೆಟ್ಟಿಗೆಯನ್ನು ನುಡಿಸಿ ಕೇಳಿ. ಎರಡು ಸೇರಿದಾಗ ಅಡಗುವ ದೋಷ ಒಂಟಿಯಲ್ಲಿ ಬಯಲಾಗುತ್ತದೆಂದು ಟೂಲ್ ಅವರ ಪರೀಕ್ಷೆಗಳೇ ತೋರಿಸಿವೆ. ಅಬ್ಬರದ ಹಾಡಿನ ಬದಲು ನಿಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತನ್ನು ಹಾಕಿಸಿ. ಹಾಕಿದ ಮೇಲೆ ಬದಿಗೆ ನಡೆದು ಹೋಗಿ, ಕುಳಿತು, ನಿಂತು ಕೇಳಿ. ಎಲ್ಲಿ ನಿಂತರೂ ಆ ವ್ಯಕ್ತಿ ಅದೇ ವ್ಯಕ್ತಿಯಾಗಿ ಉಳಿದರೆ ಪೆಟ್ಟಿಗೆ ಒಳ್ಳೆಯದು. ಆಗುವುದಾದರೆ ಮನೆಯ ಹಿರಿಯರನ್ನೂ ಅಂಗಡಿಗೆ ಕರೆದೊಯ್ಯಿರಿ. ಬೆಲೆ ಕೇಳುವ ಮೊದಲು, "ಅವರು ಏನು ಹೇಳಿದರು?" ಎಂದು ಹಿರಿಯರನ್ನು ಕೇಳಿ.

ಐ.ಟಿ.ಐ., ಪಾಲಿಟೆಕ್ನಿಕ್ ಕಲಿತ ನಮ್ಮ ಯುವಕರಲ್ಲಿ ಸ್ವತಃ ಪೆಟ್ಟಿಗೆ ಕಟ್ಟುವ ಆಸೆಯುಳ್ಳವರಿದ್ದಾರೆ. ಅವರು ಮುಚ್ಚಿದ ಪೆಟ್ಟಿಗೆಯಿಂದ ಮೊದಲುಮಾಡಲಿ; ಲೆಕ್ಕದಲ್ಲಿ ತುಸು ಹೆಚ್ಚು ಕಡಿಮೆಯಾದರೂ ಅದು ಕ್ಷಮಿಸುತ್ತದೆ. ಅಂಕಿಪಟ್ಟಿ ಇರುವ ಕೋನನ್ನೇ ಕೊಳ್ಳಲಿ. ಅಳತೆಯ ಮೈಕ್ ಒಂದನ್ನು ಕೊಂಡರೆ, ಅದರ ಜೊತೆ ಬಳಸಲು 'ರೂಮ್ ಇಕ್ಯೂ ವಿಝಾರ್ಡ್'ನಂಥ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ತಾನು ಮಾಡಿದ್ದು ತನಗೆ ಚೆಂದ ಕೇಳಿಸುವುದು ಸಹಜ. ಅದಕ್ಕಾಗಿಯೇ ಅಳೆಯಬೇಕು, ಅಳೆದ ಮೇಲೆ ಬೇರೆಯವರ ಕಿವಿಗೂ ಕೊಡಬೇಕು.

ಒಂದು ಎಚ್ಚರಿಕೆ: ನಿಜ ಹೇಳುವ ಪೆಟ್ಟಿಗೆ ಧ್ವನಿಮುದ್ರಣದ ದೋಷವನ್ನೂ ಮುಚ್ಚಿಡದು. ಹಳೆಯ ಕ್ಯಾಸೆಟಿನ ಗರಗರ ಹಾಗೆಯೇ ಕೇಳುತ್ತದೆ. ಮೊದಲ ವಾರ ಸಪ್ಪೆ ಎನಿಸಬಹುದು. ಸ್ವಲ್ಪ ತಾಳ್ಮೆಯಿರಲಿ, ಕೆಲವು ದಿನ ಕಳೆದು ಹಳೆಯದನ್ನು ಮತ್ತೆ ಹಚ್ಚಿ ನೋಡಿ, ಆಗ ಅಜ್ಜ ಏನು ಹೇಳುತ್ತಿದ್ದರೆಂದು ನಿಮಗೂ ತಿಳಿದೀತು.

ಎಡ್ಗರ್ ವಿಲ್ಚರ್ ತಮ್ಮ ಕಂಪೆನಿಯನ್ನು ಮಾರಿದ ಮೇಲೆ ಕಿವಿ ಕೇಳದವರ ಕಡೆಗೆ ತಿರುಗಿದರು. ಮೆಲ್ಲನೆಯ ವ್ಯಂಜನಗಳನ್ನು ಎತ್ತಿ, ಜೋರಾದದ್ದನ್ನು ಹಿಡಿತದಲ್ಲಿಟ್ಟು, ತಗ್ಗು ಮತ್ತು ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳುವ ಶ್ರವಣಯಂತ್ರದ ವಿಧಾನವನ್ನು 1973ರಲ್ಲಿ ಪ್ರಕಟಿಸಿದರು. ಅದಕ್ಕೆ ಹಕ್ಕುಸ್ವಾಮ್ಯ ಪಡೆಯದೆ ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. 2011ರಲ್ಲಿ ಅವರು ತೀರಿಕೊಂಡರು. ಇಂದಿನ ಶ್ರವಣಯಂತ್ರಗಳಲ್ಲಿ ಅದೇ ವಿಧಾನದ ಬೇರು ಇದೆ.

ಆದುದರಿಂದ ನಮ್ಮ ಕೋರಿಕೆ ಇಷ್ಟೇ. ಮನೆಯಲ್ಲಿ ಟಿ.ವಿ. ಬಿಟ್ಟು ಎದ್ದುಹೋಗುವ ಹಿರಿಯರಿದ್ದರೆ ಈ ವಾರ ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ತನ್ನಿ, ಬಾಸ್ ತಿರುಪನ್ನು ಇಳಿಸಿ, ಅವರನ್ನು ಕರೆದು ಕೂರಿಸಿ. ಆಗಲೂ ಮಾತು ತಿಳಿಯದಿದ್ದರೆ ಕಿವಿಯ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಮುಂದಕ್ಕೆ ಹಾಕಬೇಡಿ. ತಿಳಿದರೆ, ಸಂಜೆಯ ವಾರ್ತೆಯನ್ನು ಅವರ ಜೊತೆಯೇ ಕೇಳಿ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.